ಅಪ್ಪನಿಗೆ ಹೇಳಿ, ಮಾತು ಇರುವಾಗಲೇ

ಪ್ರಶ್ನೆ: ಸೋಮವಾರಪೇಟೆ ಹತ್ತಿರ ನಮ್ಮದು ಸಣ್ಣ ಕಾಫಿ ತೋಟ. ಅಪ್ಪನಿಗೆ 61 ವರ್ಷ. ಬಲಗೈ ಸೋತಿದೆ, ಕತ್ತಿ ಹಿಡಿಯಲು ಆಗುತ್ತಿಲ್ಲ. ಮಾತು ತೊದಲುತ್ತದೆ, ಕಾಫಿ ಕುಡಿದರೆ ಕೆಮ್ಮು. ಬೆಂಗಳೂರಿನ ಡಾಕ್ಟರು ಮೋಟಾರ್ ನ್ಯೂರಾನ್ ಕಾಯಿಲೆ ಎಂದರು. ಅಪ್ಪನಿಗೆ ಹೇಳುವುದು ಬೇಡ, ಕುಗ್ಗಿಹೋಗುತ್ತಾರೆ ಅಂತ ಅಣ್ಣ. ಮೊನ್ನೆ ಒಂದು ಮದುವೆಯಲ್ಲಿ ಯಾರೋ ‘ಬೆಳಿಗ್ಗೆನೇ ಕುಡಿದು ಬಂದಿದ್ದಾರೆ’ ಅಂದರು. ಅವತ್ತಿನಿಂದ ಅಪ್ಪ ಎಲ್ಲೂ ಹೋಗುವುದಿಲ್ಲ. ಸುಮ್ಮಸುಮ್ಮನೆ ಅಳುತ್ತಾರೆ. ಕಾಯಿಲೆ ತಲೆಗೂ ಹೋಗಿದೆಯಾ?

ಉತ್ತರ: ತಂಗಿ, ಅಪ್ಪನಿಗೆ ಹೇಳಿ. ಅಣ್ಣನ ಸಂಕಟ ಅರ್ಥವಾಗುತ್ತದೆ. ಆದರೆ ಈ ಕಾಯಿಲೆಯಲ್ಲಿ ಮಾತೇ ಹೋಗಬಹುದು. ಅಪ್ಪ ತಮಗೆ ಏನು ಬೇಕು ಅಂತ ಬಾಯಿಬಿಟ್ಟು ಹೇಳಬಹುದಾದ ಕಾಲ ಇದೇ.

ಮೆದುಳಿನಿಂದ ಬೆನ್ನುಹುರಿಗೆ, ಅಲ್ಲಿಂದ ಸ್ನಾಯುಗಳಿಗೆ ಅಪ್ಪಣೆ ಒಯ್ಯುವ ನರಕೋಶಗಳು ಇದರಲ್ಲಿ ಸಾಯುತ್ತಾ ಹೋಗುತ್ತವೆ. ಅಪ್ಪಣೆ ಬಾರದ ಸ್ನಾಯು ಸೊರಗುತ್ತದೆ. ಅಪ್ಪನ ಬಲಗೈ ನೋಡಿ, ಹೆಬ್ಬೆರಳಿನ ಬುಡದ ಮಾಂಸ ಇಳಿದು ಅಲ್ಲಿ ಗುಳಿ ಬಿದ್ದಿರಬಹುದು. ತೋಳಿನ ಚರ್ಮದ ಕೆಳಗೆ ಹುಳು ಹರಿದಂತೆ ಅದುರುವುದು, ರಾತ್ರಿ ಕಾಲು ಹಿಡಿದುಕೊಳ್ಳುವುದು, ಕೆಲವರಿಗೆ ಕೈಕಾಲು ಬಿಗಿಯುವುದು ಎಲ್ಲ ಇದರಿಂದಲೇ. ನಾಲಿಗೆ, ಗಂಟಲಿನ ಸ್ನಾಯುಗಳಿಗೆ ತಗುಲಿದಾಗ ಮಾತು ತೊದಲುತ್ತದೆ, ನೀರಿನಂಥದ್ದು ಕುಡಿದರೆ ನೆತ್ತಿಗೆ ಹತ್ತುತ್ತದೆ. ಮುಂದೆ ಉಸಿರಾಟದ ಸ್ನಾಯುಗಳೂ ಸೋಲುತ್ತವೆ.

ಆದರೆ ಕಣ್ಣು, ಕಿವಿ, ಮುಟ್ಟಿದರೆ ಗೊತ್ತಾಗುವ ಶಕ್ತಿ ಉಳಿಯುತ್ತದೆ. ಕೆಲವರಿಗೆ ಯೋಚನೆ, ನಡವಳಿಕೆ ಬದಲಾಗುವುದುಂಟು. ಉಳಿದವರ ಬುದ್ಧಿ ಚೆನ್ನಾಗಿಯೇ ಇರುತ್ತದೆ. ಅಳು, ನಗು ಹಿಡಿತ ತಪ್ಪುವುದೂ ಈ ಕಾಯಿಲೆಯ ಲಕ್ಷಣವೇ, ಹುಚ್ಚಲ್ಲ. ಅದಕ್ಕೆ ಔಷಧಿ ಇದೆ, ಡಾಕ್ಟರಿಗೆ ಹೇಳಿ. ಆದರೂ ಕುಡುಕ ಅನ್ನಿಸಿಕೊಂಡ ಮನುಷ್ಯನಿಗೆ ನಿಜವಾದ ದುಃಖವೂ ಇರುತ್ತದೆ ಅಲ್ವಾ? ಅಪ್ಪ ಒಪ್ಪಿದರೆ ನೆಂಟರಿಗೆ ಕಾಯಿಲೆಯ ಹೆಸರು ನೀವೇ ಹೇಳಿ. ಅವಮಾನ ನುಂಗಿಕೊಂಡು ಅವರು ಮನೆಯಲ್ಲಿ ಕೂರುವುದು ನನಗೆ ಸಹಿಸಲಾಗುವುದಿಲ್ಲ.

ಎಲ್ಲವನ್ನೂ ಒಂದೇ ದಿನ ಹೇಳಬೇಡಿ. ಬೆಳಿಗ್ಗೆ, ಅವರಿಗೆ ಸುಸ್ತಿಲ್ಲದಾಗ, ‘ಅಪ್ಪಾ, ಡಾಕ್ಟರು ಹೇಳಿದ್ದು ಎಷ್ಟು ಹೇಳಲಿ?’ ಅಂತ ಕೇಳಿ. ಅವರು ಕೇಳಿದಷ್ಟು ಹೇಳಿ. ನುಂಗಲು ಕಷ್ಟವಾದಾಗ ಹೊಟ್ಟೆಗೆ ಕೊಳವೆ ಹಾಕಿಸಿಕೊಳ್ಳುತ್ತಾರಾ? ಉಸಿರು ತೀರಾ ಸೋಲುವ ಮೊದಲೇ ಹಾಕಿಸಿದರೆ ಅಪಾಯ ಕಡಿಮೆ. ಕೊನೆಗೆ ವೆಂಟಿಲೇಟರ್ ಬೇಕಾ, ಬೇಡವಾ? ತೋಟದ ಕಾಗದಪತ್ರ ಹೇಗೆ? ಇದೆಲ್ಲ ಅವರು ತೀರ್ಮಾನಿಸಬೇಕಾದದ್ದು, ಅಣ್ಣನಾಗಲಿ ನೀವಾಗಲಿ ಅಲ್ಲ. ಅವರ ದನಿಯನ್ನು ಈಗಲೇ ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಿ.

ಗುಣಪಡಿಸುವ ಔಷಧಿ ಇನ್ನೂ ಇಲ್ಲ. ರಿಲುಜೋಲ್ ಮಾತ್ರೆ ಕಾಯಿಲೆಯ ವೇಗವನ್ನು ಸ್ವಲ್ಪ ತಗ್ಗಿಸುತ್ತದೆ, ಅಷ್ಟೇ. ಪೂರ್ತಿ ವಾಸಿ ಮಾಡುತ್ತೇವೆ ಅನ್ನುವವರನ್ನು ನಂಬಿ ತೋಟ ಅಡ ಇಡಬೇಡಿ. ವಿಜ್ಞಾನಿ ಸ್ಟೀಫನ್ ಹಾಕಿಂಗ್ 1963ರಲ್ಲಿ ಇದೇ ಕಾಯಿಲೆ ಗೊತ್ತಾದ ಮೇಲೂ 2018ರವರೆಗೆ ಬದುಕಿದರು, ನಿಜ. ಅದು ತುಂಬಾ ಅಪರೂಪ. ಶುರುವಾದ ಮೇಲೆ ಹೆಚ್ಚಿನವರಿಗೆ ಸಿಗುವುದು 2ರಿಂದ 5 ವರ್ಷ.

ಅಂಗಾತ ಮಲಗಿದರೆ ಉಸಿರು ಕಟ್ಟುತ್ತದಾ, ಬೆಳಿಗ್ಗೆ ತಲೆ ನೋಯುತ್ತದಾ ಅಂತ ಅಪ್ಪನನ್ನು ಕೇಳುತ್ತಿರಿ. ಹಾಗಾದರೆ ತಡಮಾಡದೆ ಡಾಕ್ಟರಿಗೆ ತೋರಿಸಿ, ರಾತ್ರಿ ಮಾಸ್ಕ್ ಹಾಕುವ ಉಸಿರಿನ ಯಂತ್ರದಿಂದ ತುಂಬಾ ಆರಾಮ ಸಿಗುತ್ತದೆ. ಮುಂದಿನ ಸಲ ಅಣ್ಣನನ್ನೂ ಕರೆದುಕೊಂಡು ಹೋಗಿ. ಅವರ ಭಯವನ್ನು ಅವರೇ ಡಾಕ್ಟರ ಮುಂದೆ ಹೇಳಿಕೊಳ್ಳಲಿ.