ಅಪ್ಪನ ಫೋನಿನ ಓಟಿಪಿ ಓದಿ ಹೇಳುವುದು ಯಾರು?

ಶಿವಮೊಗ್ಗದ ನಿವೃತ್ತ ಮೇಷ್ಟ್ರೊಬ್ಬರ ಪತ್ರ: "ಏಳನೇ ಕ್ಲಾಸಿನ ನನ್ನ ಮೊಮ್ಮಗಳಿಗೆ ಯಾರೋ ರಾತ್ರಿ ಹತ್ತು ಗಂಟೆಗೆ ಮೆಸೇಜ್ ಮಾಡಿ ಫೋಟೊ ಕೇಳಿದ್ದಾನೆ. ಬ್ರಿಟನ್‌ನಲ್ಲಿ ವಯಸ್ಸು ತೋರಿಸದೆ ವೆಬ್‌ಸೈಟು, ಆ್ಯಪ್‌ಗಳ ಒಳಗೇ ಬಿಡುವುದಿಲ್ಲವಂತೆ. ನಮ್ಮಲ್ಲೂ ಎಲ್ಲರ ಸೋಷಿಯಲ್ ಮೀಡಿಯಾ ಅಕೌಂಟಿಗೂ ಆಧಾರ್ ಜೋಡಿಸಿದರೆ ಮುಗಿಯಿತಲ್ಲ? ತಪ್ಪು ಮಾಡದವರಿಗೆ ಭಯ ಯಾಕೆ?"

ಮೇಷ್ಟ್ರೇ, ನಮಸ್ಕಾರ.

ಮೊದಲು ಮೊಮ್ಮಗಳ ವಿಷಯ. ಆ ಮೆಸೇಜ್ ಅಳಿಸಬೇಡಿ, ಸ್ಕ್ರೀನ್‌ಶಾಟ್ ತೆಗೆದಿಡಿ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಸಿಟ್ಟಿನಲ್ಲಿ ಅವಳ ಕೈಯಿಂದ ಫೋನ್ ಕಿತ್ತುಕೊಳ್ಳಬೇಡಿ. ಮುಂದಿನ ಸಲ ಏನಾದರೂ ಆದರೆ ಅವಳು ಬಾಯೇ ಬಿಡುವುದಿಲ್ಲ.

ಇನ್ನು ಆಧಾರ್. ನನ್ನ ತಕರಾರು ಇರುವುದು ಇಲ್ಲೇ. ಮಕ್ಕಳನ್ನು ಬಾಗಿಲಲ್ಲಿ ತಡೆಯಬೇಕಾದರೆ ದೊಡ್ಡವರನ್ನೂ ನಿಲ್ಲಿಸಿ ಕೇಳಲೇಬೇಕು. ಹದಿಮೂರರ ಹುಡುಗಿಗೂ ನಿಮಗೂ ಒಂದೇ ಕ್ಯೂ.

ಬ್ರಿಟನ್‌ನಲ್ಲಿ ಆದದ್ದು ನೋಡಿ. ಆನ್‌ಲೈನ್ ಸುರಕ್ಷತೆಯ ಕಾನೂನು ಬಂದದ್ದು 2023ರಲ್ಲಿ. ಅಶ್ಲೀಲ ಚಿತ್ರಗಳಿರುವ ಕಡೆ ವಯಸ್ಸಿನ ಕಟ್ಟುನಿಟ್ಟಾದ ತಪಾಸಣೆ ಕಡ್ಡಾಯವಾದದ್ದು 2025ರ ಜುಲೈ 25ಕ್ಕೆ. ತಪ್ಪಿದ ಕಂಪನಿಗೆ 1.8 ಕೋಟಿ ಪೌಂಡ್ ಅಥವಾ ಜಾಗತಿಕ ವಹಿವಾಟಿನ ಶೇ. 10, ಯಾವುದು ಜಾಸ್ತಿಯೋ ಅಷ್ಟರವರೆಗೆ ದಂಡ. ಶುರುವಾದ ಕೆಲವೇ ದಿನಗಳಲ್ಲಿ, ನಾವು ಬೇರೆ ದೇಶದಲ್ಲಿದ್ದೇವೆ ಎಂದು ತೋರಿಸಬಲ್ಲ ವಿಪಿಎನ್ ಆ್ಯಪ್‌ಗಳು ಡೌನ್‌ಲೋಡ್ ಪಟ್ಟಿಯ ತುದಿಗೆ ಹೋದವು. ಕೆಲವರು ಕ್ಯಾಮೆರಾ ಮುಂದೆ ವಿಡಿಯೊ ಗೇಮ್ ಪಾತ್ರದ ಮುಖ ಹಿಡಿದರು. ಕ್ಯಾಮೆರಾ ಒಪ್ಪಿಕೊಂಡು ಒಳಗೆ ಬಿಟ್ಟಿತು!

ನಗು ಬರುತ್ತದೆ, ಅಲ್ವಾ? ಅದೇ ಅಕ್ಟೋಬರಿನಲ್ಲಿ ಬಂದ ಸುದ್ದಿಗೆ ನಗು ಬರಲಿಲ್ಲ. ಹರಟೆಯ ಆ್ಯಪ್ ನಡೆಸುವ ಡಿಸ್ಕಾರ್ಡ್ ಕಂಪನಿಗೆ ಕೆಲಸ ಮಾಡಿಕೊಡುತ್ತಿದ್ದ ಹೊರಗಿನವರ ಕಡೆಯಿಂದ ಸುಮಾರು 70,000 ಜನರ ಗುರುತಿನ ಚೀಟಿಯ ಫೋಟೊಗಳು ಸೋರಿಹೋಗಿರಬಹುದು ಎಂದು ಕಂಪನಿಯೇ ಹೇಳಿತು. ವಯಸ್ಸಿನ ಬಗ್ಗೆ ತಕರಾರು ಹೇಳಿಕೊಳ್ಳಲು ಜನ ಕೊಟ್ಟಿದ್ದ ಚೀಟಿಗಳೂ ಅದರಲ್ಲಿದ್ದವು. ಪಾಸ್‌ವರ್ಡ್ ಹೋದರೆ ಬದಲಾಯಿಸಬಹುದು. ಹುಟ್ಟಿದ ತಾರೀಕು, ಮುಖ?

ನಮ್ಮಲ್ಲಿ ಕಾಗದಕ್ಕೆ ಎಷ್ಟು ಬೆಲೆ ಎಂಬುದು ನಿಮಗೂ ಗೊತ್ತು. ಒಮ್ಮೆ ಬಸ್‌ಸ್ಟ್ಯಾಂಡಿನಲ್ಲಿ ಕಡಲೆಕಾಯಿ ತಿಂದು ಪೊಟ್ಟಣ ಬಿಚ್ಚಿದೆ. ಯಾರದೋ ಆಧಾರ್ ಜೆರಾಕ್ಸ್. ಫೋಟೊದ ಮೇಲೆ ಉಪ್ಪು.

ಭಯ ಯಾಕೆ ಅಂದಿರಿ. ನಮ್ಮ ಪತ್ರಿಕೆಗೇ 'ಹೆಸರು ಹಾಕಬೇಡಿ' ಎಂದು ಬರೆಯುವವರಿದ್ದಾರೆ. ಗಂಡನ ಏಟು ತಿಂದವರು, ಪಂಚಾಯಿತಿ ಕಾಮಗಾರಿಯ ಲೆಕ್ಕ ಕೇಳಿದವರು. ಅವರು ಯಾವ ತಪ್ಪೂ ಮಾಡಿಲ್ಲ. ಹೆಸರಿನ ಜೊತೆ ಆಧಾರನ್ನೂ ಕೇಳಿದರೆ ಅವರು ಬರೆಯುವುದೇ ಇಲ್ಲ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದರಲ್ಲ, ಆ ಕೇಸು ಹಾಕಿದ್ದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಧಾರ್ ವಿಷಯಕ್ಕೇ ಹೋಗಿದ್ದರು.

ನಮ್ಮ 2023ರ ಡೇಟಾ ಕಾನೂನು 18 ತುಂಬದವರೆಲ್ಲ ಮಕ್ಕಳೇ ಎನ್ನುತ್ತದೆ. ಮಕ್ಕಳ ಬೆನ್ನು ಹತ್ತಿ ಜಾಹೀರಾತು ತೋರಿಸಬಾರದು ಎನ್ನುತ್ತದೆ. ಇದು ನನಗೆ ತುಂಬ ಹಿಡಿಸಿದೆ. ಮಕ್ಕಳ ಮಾಹಿತಿ ಬಳಸಲು ಅಪ್ಪ ಅಮ್ಮನ ಒಪ್ಪಿಗೆ ಬೇಕು ಎಂದೂ ಇದೆ. ಕೇಳಲು ಚೆನ್ನಾಗಿದೆ. ಆದರೆ ಎಷ್ಟೋ ಮನೆಗಳಲ್ಲಿ ಇರುವುದು ಒಂದೇ ಫೋನು. ಒಪ್ಪಿಗೆ ಕೇಳಿ ಅಪ್ಪನಿಗೆ ಓಟಿಪಿ ಬಂದರೆ "ಏ, ಏನು ಬಂತು ನೋಡೋ" ಎಂದು ಕೂಗುವುದು ಮಗನನ್ನೇ. ಒಪ್ಪಿಗೆ ಕೊಡುವವನೂ ಅವನೇ ಆಗುತ್ತಾನೆ.

ಕಂಪನಿಗಳನ್ನು ಸುಮ್ನೆ ಬಿಡಿ ಅಂತ ನಾನು ಹೇಳುತ್ತಿಲ್ಲ. ಅಪರಿಚಿತ ಯಾರೇ ಆಗಲಿ, ಮಗುವಿಗೆ ಮೆಸೇಜ್ ಕಳಿಸಲು ಆಗಲೇಬಾರದು. ಇನ್‌ಸ್ಟಾಗ್ರಾಂ 2024ರಿಂದ ಹದಿಹರೆಯದವರ ಅಕೌಂಟಿಗೆ ಇಂಥದ್ದೇ ಬೀಗ ಹಾಕುತ್ತಾ ಬಂದಿದೆ. ಇದನ್ನು ಕಂಪನಿಗಳ ಮರ್ಜಿಗೆ ಬಿಡದೆ ಕಾನೂನೇ ಕಡ್ಡಾಯ ಮಾಡಲಿ. ಹುಟ್ಟಿದ ಇಸವಿ ಸುಳ್ಳು ಹಾಕಿದರೆ ಈ ಬೀಗವೂ ಬೀಳುವುದಿಲ್ಲ, ನಿಜ. ಅಲ್ಲಿ ನಿಮ್ಮ ಮಾತಿಗೆ ಬಲವಿದೆ. ಹೆಸರು, ನಂಬರು, ವಿಳಾಸ ಯಾವುದೂ ಕೊಡದೆ '18 ದಾಟಿದೆ' ಎಂದಷ್ಟೇ ಹೇಳುವ ಚೀಟಿ ಬಂದರೆ ನಾನೂ ಒಪ್ಪಿಕೊಂಡೇನು. ಪೂರ್ತಿ ಆಧಾರ್‌ಗೆ ಮಾತ್ರ ಒಲ್ಲೆ.

ಅಂದ ಹಾಗೆ, ಮೊಮ್ಮಗಳು ಯಾವ ಇಸವಿ ಹಾಕಿದ್ದಾಳೆ, ಬೈಯದೆ ಒಮ್ಮೆ ಕೇಳಿ ನೋಡಿ. ನಮ್ಮನೆಯ ಹನ್ನೊಂದು ವರ್ಷದ ಹುಡುಗ 1990 ಹಾಕಿಕೊಂಡಿದ್ದ.

– ಸಂ.