ಕೆರೆ ಏರಿಯ ಆಲದಲ್ಲಿ ಬಾವಲಿಗಳಿವೆ: ಮರ ಕಡಿಸಬೇಕೇ?

ಪ್ರಶ್ನೆ: ನಮ್ಮೂರು ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲ್ಲೂಕಿನಲ್ಲಿದೆ. ಕೆರೆ ಏರಿಯ ಪಕ್ಕದ ಹಳೆಯ ಆಲದ ಮರದಲ್ಲಿ ನಾನು ಚಿಕ್ಕವನಿದ್ದಾಗಿನಿಂದಲೂ ನೂರಾರು ದೊಡ್ಡ ಬಾವಲಿಗಳು ನೇತಾಡುತ್ತಿವೆ. ಕೇರಳದಿಂದ ನಿಪಾ ಸುದ್ದಿ ಬಂದಾಗಲೆಲ್ಲ ಮರ ಕಡಿಸಬೇಕು, ಇಲ್ಲವೇ ಪಟಾಕಿ ಹೊಡೆದು ಓಡಿಸಬೇಕು ಎಂಬ ಮಾತು ಏಳುತ್ತದೆ. ಅವು ತೋಟದಲ್ಲಿ ಉದುರಿಸಿದ ಗೋಟಡಿಕೆಯನ್ನು ನಮ್ಮ ಮನೆಯವರು ಆಯ್ದು ತರುತ್ತಾರೆ. ಇದರಿಂದ ಅಪಾಯವಿದೆಯೇ?

ಉತ್ತರ: ಮರ ಕಡಿಸಬೇಡಿ, ಪಟಾಕಿಯನ್ನೂ ಹೊಡೆಯಬೇಡಿ. ಬಾವಲಿಗಳ ಮೇಲಿನ ಕನಿಕರದಿಂದಷ್ಟೇ ಈ ಮಾತನ್ನು ಹೇಳುತ್ತಿಲ್ಲ; ನಿಮ್ಮ ಊರಿನವರ ಆರೋಗ್ಯಕ್ಕೂ ಅದೇ ಒಳ್ಳೆಯದು.

ನಿಮ್ಮ ಆಲದಲ್ಲಿರುವುದು ಹಣ್ಣು ತಿನ್ನುವ ದೊಡ್ಡ ಬಾವಲಿ. ರೆಕ್ಕೆ ಬಿಚ್ಚಿದರೆ ಒಂದು ಮೀಟರಿಗೂ ಹೆಚ್ಚು ಅಗಲವಾಗುವ, ಬೇಸಿಗೆಯ ಮಧ್ಯಾಹ್ನ ಅದೇ ರೆಕ್ಕೆಯಿಂದ ಗಾಳಿ ಬೀಸಿಕೊಳ್ಳುವ ಈ ಪ್ರಾಣಿಯೇ ನಮ್ಮ ದೇಶದಲ್ಲಿ ನಿಪಾ ವೈರಸ್ಸಿನ ಸಹಜ ಆಶ್ರಯ. ಇದನ್ನು ಮುಚ್ಚಿಡುವಂಥದ್ದೇನೂ ಇಲ್ಲ. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯ ವಿಜ್ಞಾನಿಗಳು ಹಲವು ರಾಜ್ಯಗಳಲ್ಲಿ ಈ ಬಾವಲಿಗಳ ರಕ್ತವನ್ನು ಪರೀಕ್ಷಿಸಿದಾಗ ಕರ್ನಾಟಕವೂ ಸೇರಿದಂತೆ ಅನೇಕ ಕಡೆ ನಿಪಾ ವಿರುದ್ಧದ ಪ್ರತಿಕಾಯಗಳು ಕಂಡುಬಂದಿವೆ. ಆದರೆ ಪ್ರತಿಕಾಯ ಸಿಕ್ಕಿತೆಂದರೆ ಆ ಬಾವಲಿಗೆ ಎಂದೋ ಒಮ್ಮೆ ಸೋಂಕು ತಗುಲಿತ್ತು ಎಂದಷ್ಟೇ ಅರ್ಥ. ಅದು ಈಗ ವೈರಸ್ ಹೊರಹಾಕುತ್ತಿದೆ ಎಂದಲ್ಲ. ಯಾವುದೇ ಹೊತ್ತಿನಲ್ಲಿ ನೋಡಿದರೂ ಮೂತ್ರದಲ್ಲಿ ಅಥವಾ ಜೊಲ್ಲಿನಲ್ಲಿ ವೈರಸ್ ಇರುವ ಬಾವಲಿಗಳು ಕೆಲವೇ ಕೆಲವು.

ಮನುಷ್ಯನನ್ನು ಕೊಲ್ಲಬಲ್ಲ ವೈರಸ್ ಬಾವಲಿಯನ್ನು ಏಕೆ ಕೊಲ್ಲುವುದಿಲ್ಲ? ಸ್ತನಿಗಳಲ್ಲಿ ನಿಜವಾಗಿ ಹಾರಬಲ್ಲದ್ದು ಬಾವಲಿ ಒಂದೇ. ಹಾರಾಟಕ್ಕೆ ಅಪಾರ ಶಕ್ತಿ ಬೇಕು. ಆಗ ಮೈಯ ಉಷ್ಣತೆ ಏರುತ್ತದೆ, ಜೀವಕೋಶಗಳಿಗೆ ಹಾನಿಯಾಗುತ್ತದೆ. ಆ ಹಾನಿಗೆಲ್ಲ ದೇಹ ಉರಿಯೂತದ ಮೂಲಕ ಪ್ರತಿಕ್ರಿಯಿಸುತ್ತಾ ಹೋದರೆ ಪ್ರಾಣಿ ಬದುಕಲಾರದು. ಹಾಗಾಗಿ ವಿಕಾಸದ ಹಾದಿಯಲ್ಲಿ ಬಾವಲಿಯ ಉರಿಯೂತ ತಗ್ಗಿದೆ, ವೈರಸ್ಸನ್ನು ಹದ್ದುಬಸ್ತಿನಲ್ಲಿಡುವ ಶಕ್ತಿ ಮಾತ್ರ ಉಳಿದಿದೆ ಎಂಬುದು ಇಂದು ಹಲವು ಸಂಶೋಧಕರು ಮುಂದಿಡುವ ವಿವರಣೆ. ನಿಪಾ ತಗುಲಿದಾಗ ಮನುಷ್ಯರ ಮಿದುಳು ಊದಿಕೊಳ್ಳುತ್ತದೆ. ಬಾವಲಿ ಎಂದಿನಂತೆ ಹಣ್ಣು ಹುಡುಕಿಕೊಂಡು ಹೋಗುತ್ತದೆ.

ಇನ್ನು ಊರಿನ ಮುಂದಿರುವ ಪ್ರಶ್ನೆಗೆ ಬರುತ್ತೇನೆ. ನಿಪಾವನ್ನು ಹೋಲುವ ಹೆಂಡ್ರಾ ಎಂಬ ವೈರಸ್ 1994ರಲ್ಲಿ ಆಸ್ಟ್ರೇಲಿಯಾದಲ್ಲಿ ಪತ್ತೆಯಾಯಿತು. ಅದು ಬಾವಲಿಯಿಂದ ಕುದುರೆಗೆ, ಕುದುರೆಯಿಂದ ಮನುಷ್ಯರಿಗೆ ಬರುತ್ತದೆ. ಅಲ್ಲಿನ ಸುಮಾರು 25 ವರ್ಷಗಳ ಮಾಹಿತಿಯನ್ನು ಜೋಡಿಸಿ ನೋಡಿದ ಅಧ್ಯಯನವೊಂದು 2022ರಲ್ಲಿ ಪ್ರಕಟವಾಯಿತು. ಚಳಿಗಾಲದಲ್ಲಿ ಹೂ ಬಿಡುವ ಕಾಡು ನಾಶವಾದಂತೆ ಬಾವಲಿಗಳು ಸಣ್ಣ ಗುಂಪುಗಳಾಗಿ ಒಡೆದು ಹೊಲಗಳ, ಕುದುರೆ ಕಟ್ಟುವ ಬಯಲುಗಳ ಸಮೀಪ ಬಂದು ನೆಲೆಸಿದವು. ಆಹಾರದ ಕೊರತೆಯಾದ ವರ್ಷಗಳ ಬೆನ್ನಿಗೇ ಸೋಂಕು ಹೆಚ್ಚಿತು. ಅಳಿದುಳಿದ ಕಾಡು ಚೆನ್ನಾಗಿ ಹೂ ಬಿಟ್ಟ ಚಳಿಗಾಲದಲ್ಲಿ ಅವು ಹೊಲ ಬಿಟ್ಟು ಕಾಡಿಗೆ ಮರಳಿದವು, ಸೋಂಕೂ ನಿಂತಿತು. ನಿಮ್ಮ ಆಲವನ್ನು ಕಡಿಸಿದರೆ ಆ ನೂರಾರು ಬಾವಲಿಗಳು ಇಲ್ಲವಾಗುವುದಿಲ್ಲ. ನೆಲೆ ತಪ್ಪಿ, ಹಸಿದು, ಮನೆಗಳ ಹಿತ್ತಿಲ ಮಾವಿಗೋ ಹುಣಸೆಗೋ ಬಂದು ಕೂರುತ್ತವೆ. ಈಗ ಕೆರೆ ಏರಿಯ ಮೇಲಿರುವ ಅವು ನಿಮ್ಮ ಸೂರಿನ ಪಕ್ಕಕ್ಕೇ ಬಂದಂತಾಗುತ್ತದೆ.

ವೈರಸ್ ಬರುವ ದಾರಿ ಮರದ ಕೆಳಗಿನ ಗಾಳಿಯಲ್ಲ, ಎಂಜಲು ಮತ್ತು ಮೂತ್ರ ತಾಗಿದ ಆಹಾರ. ಮಲೇಷ್ಯಾದಲ್ಲಿ 1998–99ರಲ್ಲಿ ಹಂದಿ ಸಾಕಣೆಯ ಪಕ್ಕದಲ್ಲೇ ಹಣ್ಣಿನ ಮರಗಳಿದ್ದವು. ಬಾವಲಿ ಕಚ್ಚಿ ಬೀಳಿಸಿದ ಹಣ್ಣಿನಿಂದ ಹಂದಿಗಳಿಗೆ ತಗುಲಿತೆಂದು ವಿಜ್ಞಾನಿಗಳು ತೀರ್ಮಾನಿಸಿದರು, ಹಂದಿಗಳಿಂದ ಜನರಿಗೆ ಹರಡಿ 100ಕ್ಕೂ ಹೆಚ್ಚು ಮಂದಿ ಸತ್ತರು. ಬಾಂಗ್ಲಾದೇಶದಲ್ಲಿ ದಾರಿ ಬೇರೆ: ಚಳಿಗಾಲದ ರಾತ್ರಿ ಈಚಲು ಮರಕ್ಕೆ ಕಟ್ಟಿದ ಮಡಕೆಯ ರಸವನ್ನು ಬಾವಲಿಗಳು ನೆಕ್ಕುತ್ತವೆ, ಬೆಳಿಗ್ಗೆ ಜನ ಅದನ್ನೇ ಹಸಿಯಾಗಿ ಕುಡಿಯುತ್ತಾರೆ. ಅಲ್ಲಿ ಮರಗಳನ್ನು ಕಡಿಯಲಿಲ್ಲ. ರಸ ಇಳಿಯುವ ಜಾಗಕ್ಕೆ ಬಿದಿರಿನ ತಡಿಕೆ ಕಟ್ಟಿ ನೋಡಿದರು, ಬಾವಲಿ ರಸಕ್ಕೆ ಬಾಯಿ ಹಾಕುವುದು ಬಹುಮಟ್ಟಿಗೆ ತಪ್ಪಿತು. ನನಗೆ ಬಹಳ ಮೆಚ್ಚುಗೆಯಾದ ಪ್ರಯೋಗವಿದು.

ಅಡಿಕೆಯ ವಿಚಾರದಲ್ಲಿ ಗಾಬರಿ ಬೇಡ, ಎಚ್ಚರ ಬೇಕು. ಬಾವಲಿಗೆ ಬೇಕಾದದ್ದು ಹಣ್ಣಾದ ಸಿಪ್ಪೆಯ ಸಿಹಿ ರಸ. ನಾರನ್ನು ಎಳೆ ಎಳೆಯಾಗಿ ಸೀಳಿ, ಜಗಿದು, ಗೋಟನ್ನು ಕೆಳಗೆ ಬಿಡುತ್ತದೆ. ವಾರಗಟ್ಟಲೆ ಬಿಸಿಲಿನಲ್ಲಿ ಒಣಗಿದ ಗೋಟಿನ ಮೇಲೆ ಈ ವೈರಸ್ ಉಳಿಯುವುದಿಲ್ಲ. ಕಾಳಜಿ ವಹಿಸಬೇಕಾದದ್ದು ಆ ದಿನ ಬೆಳಿಗ್ಗೆ ಬಿದ್ದ, ಎಂಜಲಿನ ಪಸೆ ಆರದ ಅಡಿಕೆಯ ಬಗ್ಗೆ. ಅದನ್ನು ಆಯುವಾಗ ಕೈಗವಸು ಹಾಕಿಕೊಳ್ಳಿ, ನಡುವೆ ಎಲೆಅಡಿಕೆ ಬಾಯಿಗೆ ಹಾಕಿಕೊಳ್ಳಬೇಡಿ, ಮುಗಿದ ಮೇಲೆ ಸಾಬೂನಿನಿಂದ ಕೈ ತೊಳೆಯಿರಿ. ನಿಪಾ ವೈರಸ್ಸಿನ ಹೊರಹೊದಿಕೆ ಕೊಬ್ಬಿನದು, ಸಾಬೂನಿಗೆ ಅದು ಒಡೆದುಹೋಗುತ್ತದೆ. ಮಕ್ಕಳನ್ನು ಈ ಕೆಲಸಕ್ಕೆ ಕಳಿಸಬೇಡಿ. ಕಚ್ಚಿದ ಗುರುತಿರುವ ಮಾವು, ಸೀಬೆಯನ್ನು ಆ ಭಾಗ ಕೊಯ್ದು ತೆಗೆದೂ ತಿನ್ನದೆ ಗುಂಡಿಗೆ ಹಾಕಿ, ದನಕ್ಕೂ ಹಂದಿಗೂ ಹಾಕಬೇಡಿ.

ಹಣ್ಣಿನ ಬಾವಲಿಗಳು ಮೊದಲು ವನ್ಯಜೀವಿ ಕಾಯ್ದೆಯ ಪೀಡಕ ಪ್ರಾಣಿಗಳ ಪಟ್ಟಿಯಲ್ಲಿದ್ದವು. 2022ರ ತಿದ್ದುಪಡಿಯಲ್ಲಿ ಆ ಪಟ್ಟಿಯನ್ನೇ ತೆಗೆಯಲಾಗಿದೆ. ಹೆಣ್ಣು ಬಾವಲಿ ವರ್ಷಕ್ಕೆ ಸಾಮಾನ್ಯವಾಗಿ ಒಂದೇ ಮರಿ ಹಾಕುತ್ತದೆ, ಬೇಸಿಗೆಯಲ್ಲಿ ಅದನ್ನು ಎದೆಗಂಟಿಸಿಕೊಂಡಿರುತ್ತದೆ. ಪಟಾಕಿಯ ಸದ್ದಿಗೆ ಮರಿ ಕಳಚಿ ಕೆಳಗೆ ಬಿದ್ದರೆ ಎತ್ತಿಕೊಳ್ಳಲು ಓಡಿಬರುವವರು ಮಕ್ಕಳೇ. ಹಾಗೆ ಬಿದ್ದದ್ದನ್ನು ಕಂಡರೆ ಬರಿಗೈಯಲ್ಲಿ ಮುಟ್ಟದೆ ಅರಣ್ಯ ಇಲಾಖೆಯವರಿಗೆ ತಿಳಿಸಿ. ಯಾರಿಗಾದರೂ ಕಚ್ಚಿದರೆ ಗಾಯವನ್ನು ಸಾಬೂನು ನೀರಿನಲ್ಲಿ 15 ನಿಮಿಷ ತೊಳೆದು ಆ ದಿನವೇ ಆಸ್ಪತ್ರೆಗೆ ಕರೆದೊಯ್ಯಿರಿ.