ತಿರಸ್ಕಾರದ ಆದೇಶ ಕೈಯಲ್ಲಿಲ್ಲದೆ ಹೈಕೋರ್ಟಿಗೆ ಓಡಬೇಡಿ

ಪ್ರಶ್ನೆ: ಕೊಲೆ ಪ್ರಕರಣದಲ್ಲಿ ಜೀವಾವಧಿ ಶಿಕ್ಷೆಯಾದ ನನ್ನ ಅಣ್ಣ ಜೈಲಿನಲ್ಲಿ 16 ವರ್ಷ ಕಳೆದಿದ್ದಾನೆ. ಅವಧಿಪೂರ್ವ ಬಿಡುಗಡೆಯ ಅರ್ಜಿಯನ್ನು ರಾಜ್ಯ ಸರ್ಕಾರ ತಳ್ಳಿಹಾಕಿದೆ. ಹದಿನಾಲ್ಕು ವರ್ಷವಾದರೆ ಬಿಡಲೇಬೇಕಲ್ಲವೇ? ಮೇಲ್ಮನವಿ ಎಲ್ಲಿ ಸಲ್ಲಿಸಬೇಕು?

ಬಿಡಲೇಬೇಕು ಎಂದು ಯಾವ ಕಾನೂನೂ ಹೇಳುವುದಿಲ್ಲ. ಜೀವಾವಧಿ ಎಂದರೆ ಬದುಕಿರುವವರೆಗೆ ಎಂದು ಸುಪ್ರೀಂ ಕೋರ್ಟ್ 1961ರಲ್ಲೇ ಹೇಳಿಯಾಗಿದೆ. ಕೊಲೆಯಂತಹ ಅಪರಾಧದಲ್ಲಿ 14 ವರ್ಷಕ್ಕೆ ಮೊದಲು ಬಿಡಬಾರದು ಎಂಬ ತಡೆಯನ್ನೇ ಜನ ಬಿಡುಗಡೆಯ ದಿನಾಂಕವೆಂದು ಓದಿಕೊಳ್ಳುತ್ತಾರೆ. ನಿಮ್ಮ ಅಣ್ಣನಿಗಿರುವುದು ತನ್ನ ಕೋರಿಕೆಯನ್ನು ನ್ಯಾಯವಾಗಿ ಪರಿಶೀಲಿಸಿ ಎಂದು ಕೇಳುವ ಹಕ್ಕು.

ಇದು ಸರ್ಕಾರದ ಆದೇಶ, ನ್ಯಾಯಾಲಯದ ತೀರ್ಪಲ್ಲ. ಹಾಗಾಗಿ ಮೇಲ್ಮನವಿಯ ಮಾತಿಲ್ಲ. ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿನಲ್ಲಿ ರಿಟ್ ಅರ್ಜಿ, ಅಂದರೆ ಸರ್ಕಾರದ ಆದೇಶವನ್ನು ನೇರವಾಗಿ ಪ್ರಶ್ನಿಸುವ ಅರ್ಜಿ, ಹಾಕಬೇಕು. ಆದರೆ ನನ್ನ ಬಳಿ ಬರುವ ಬಹುತೇಕ ಕುಟುಂಬಗಳ ಕೈಯಲ್ಲಿ ಆದೇಶದ ಪ್ರತಿಯೇ ಇರುವುದಿಲ್ಲ. ‘ಆಗಲಿಲ್ಲವಂತೆ’ ಎಂಬ ಬಾಯಿಮಾತನ್ನು ಹಿಡಿದು ನಾನು ಏನನ್ನು ಪ್ರಶ್ನಿಸಲಿ? ತಿರಸ್ಕಾರಕ್ಕೆ ಕಾರಣ ಬರೆಯಬೇಕು, ಅದನ್ನು ಜೈಲಿನ ಮೂಲಕ ಕೈದಿಗೆ ತಿಳಿಸಬೇಕು, ಪ್ರಶ್ನಿಸುವ ಹಕ್ಕಿದೆ ಎಂದೂ ಹೇಳಬೇಕು ಎಂದು ಸುಪ್ರೀಂ ಕೋರ್ಟ್ 2025ರ ಫೆಬ್ರುವರಿಯಲ್ಲಿ ನಿರ್ದೇಶಿಸಿದೆ. ಜೈಲು ಅಧೀಕ್ಷಕರಿಗೆ ಇಂದೇ ಲಿಖಿತವಾಗಿ ಕೇಳಿ.

ಪ್ರತಿ ಸಿಕ್ಕ ಮೇಲೆ ಕಾರಣಗಳನ್ನು ಓದಿ. ‘ಅಪರಾಧ ಘೋರವಾದದ್ದು’ ಎಂಬ ಒಂದೇ ಸಾಲಿದ್ದರೆ ಆದೇಶ ದುರ್ಬಲ. ಲಕ್ಷ್ಮಣ ನಸ್ಕರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2000ದಲ್ಲಿ ಹೇಳಿದಂತೆ, ಕೃತ್ಯ ಇಡೀ ಸಮಾಜವನ್ನು ತಟ್ಟಿತೇ, ಮರುಕಳಿಸುವ ಸಂಭವವಿದೆಯೇ, ಅಪರಾಧ ಮಾಡುವ ಶಕ್ತಿ ಆತನಲ್ಲಿ ಉಳಿದಿದೆಯೇ, ಇನ್ನೂ ಒಳಗಿಡುವುದರಿಂದ ಪ್ರಯೋಜನವೇನು, ಕುಟುಂಬದ ಸ್ಥಿತಿ ಹೇಗಿದೆ ಎಂಬುದನ್ನು ತೂಗಿ ನೋಡಿರಬೇಕು. ಶಿಕ್ಷೆ ವಿಧಿಸಿದ ನ್ಯಾಯಾಲಯದ ನ್ಯಾಯಾಧೀಶರ ಅಭಿಪ್ರಾಯ ಕೇಳಿದ್ದರೆ ಅದರಲ್ಲೂ ಕಾರಣಗಳಿರಬೇಕು. ಅವಧಿಪೂರ್ವ ಬಿಡುಗಡೆಯ ಯಾವ ವರ್ಷದ ಸರ್ಕಾರಿ ನೀತಿಯನ್ನು ಅನ್ವಯಿಸಿದ್ದಾರೆ ಎಂಬುದನ್ನು ಮರೆಯದೆ ನೋಡಿ: ಶಿಕ್ಷೆಯಾದ ದಿನ ಜಾರಿಯಲ್ಲಿದ್ದ ನೀತಿ ಅನ್ವಯವಾಗಬೇಕು, ಆಮೇಲಿನದು ಹೆಚ್ಚು ಅನುಕೂಲಕರವಾಗಿದ್ದರೆ ಅದರ ಲಾಭವೂ ಸಿಗಬೇಕು. ಎಷ್ಟೋ ರಿಟ್‌ಗಳು ಗೆಲ್ಲುವುದು ಇಲ್ಲಿಯೇ.

ಅಣ್ಣ ನಿರಪರಾಧಿ ಎಂಬ ವಾದವನ್ನು ದಯವಿಟ್ಟು ಈ ಅರ್ಜಿಯಲ್ಲಿ ತುರುಕಬೇಡಿ. ಅದರ ಕಾಲ ಮುಗಿಯಿತು. ಜೈಲಿನ ನಡತೆ, ಪೆರೋಲ್ ಮೇಲೆ ಹೋಗಿ ಸಮಯಕ್ಕೆ ಮರಳಿದ ದಾಖಲೆ, ಅನಾರೋಗ್ಯದ ಕಾಗದಗಳನ್ನು ಲಗತ್ತಿಸಿ. ಗೆದ್ದರೂ ನ್ಯಾಯಾಲಯ ಸಾಮಾನ್ಯವಾಗಿ ಮರುಪರಿಶೀಲಿಸಿ ಎಂದು ಸರ್ಕಾರಕ್ಕೇ ಕಳುಹಿಸುತ್ತದೆ. ನೇರ ಬಿಡುಗಡೆ ಅಪರೂಪ. ಅದಕ್ಕೇ ಹೇಳುತ್ತೇನೆ: ಮಗ ಹಬ್ಬಕ್ಕೆ ಬರುತ್ತಾನೆಂದು ತಾಯಿಗೆ ಮಾತು ಕೊಡಬೇಡಿ. ಹಾಗೆ ಮಾತು ಕೊಟ್ಟ ಮನೆಗಳನ್ನು ಕಂಡಿದ್ದೇನೆ.

ಪ್ರಶ್ನೆ: ಜೈಲಿನಲ್ಲಿ ಹಗಲು ಒಂದು ದಿನ, ರಾತ್ರಿ ಒಂದು ದಿನವಂತೆ?

ಸುಳ್ಳು. ಇಪ್ಪತ್ತನಾಲ್ಕು ಗಂಟೆಗೆ ಒಂದೇ ದಿನ.

ಪ್ರಶ್ನೆ: ಅಪರಾಧ ನಡೆದದ್ದು ಒಂದು ರಾಜ್ಯದಲ್ಲಿ, ವಿಚಾರಣೆ ಇನ್ನೊಂದರಲ್ಲಿ. ಅರ್ಜಿ ಯಾರಿಗೆ?

ಶಿಕ್ಷೆ ವಿಧಿಸಿದ ನ್ಯಾಯಾಲಯವಿರುವ ರಾಜ್ಯಕ್ಕೆ. ಬಿಲ್ಕಿಸ್ ಬಾನೊ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ 2024ರ ಜನವರಿ 8ರ ತೀರ್ಪು ಇದನ್ನು ಮತ್ತೆ ಸ್ಪಷ್ಟಪಡಿಸಿದೆ.

ಪ್ರಶ್ನೆ: ಆಗಸ್ಟ್ 15ರ ಬಿಡುಗಡೆ ಪಟ್ಟಿಗೆ ಹೆಸರು ಸೇರಿಸುತ್ತೇನೆಂದು ಒಬ್ಬರು ಹಣ ಕೇಳುತ್ತಿದ್ದಾರೆ. ವಕೀಲರಿಗೆ ಕೊಡಲು ನಮ್ಮಲ್ಲಿ ದುಡ್ಡಿಲ್ಲ.

ಒಂದು ರೂಪಾಯಿಯನ್ನೂ ಕೊಡಬೇಡಿ, ಪೊಲೀಸರಿಗೆ ದೂರು ಕೊಡಿ. ಇಂತಹ ದಲ್ಲಾಳಿಗಳು ಜೈಲಿನ ಗೇಟಿನ ಬಳಿ ನಿಂತು ಬಡವರ ತಾಳಿ ಅಡವಿಡಿಸುತ್ತಾರೆ. ಬಂಧನದಲ್ಲಿರುವ ಯಾರಿಗೇ ಆದರೂ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಉಚಿತವಾಗಿ ವಕೀಲರು ಸಿಗುತ್ತಾರೆ. ಸಹಾಯವಾಣಿ 15100.